ಕಡಲ ಬದಿಯ ಬೈಕಿಗೆ ತುಕ್ಕೇಕಿಲ್ಲ?

"ಗಾಡಿ ಯಾರಿಗೆ?"

ಹೊಸದಾಗಿ ಒಂದು ಬೈಕ್ ತೆಗೆದುಕೊಳ್ಳಬೇಕೆಂದು ಹೊರಟ ಮೇಲೆ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ಎಷ್ಟು ಸಿಸಿ, ಮೈಲೇಜ್ ಹೇಗೆ ಎಂದು ಯಾರೂ ಕೇಳಲಿಲ್ಲ. ಯಾರಿಗೆ? ಅಷ್ಟೇ.

ಕುಂದಾಪುರದ ಒಂದು ಶೋರೂಮಿನಲ್ಲಿ 350 ಸಿಸಿ ಬೈಕಿನ ಹ್ಯಾಂಡಲ್ ಹಿಡಿದು ನಿಂತಿದ್ದೆ. ಸೇಲ್ಸ್‌ನವರು ನನ್ನನ್ನು ದಾಟಿಕೊಂಡು ಸೀದಾ ನನ್ನ ಗಂಡ ಶ್ರೀಧರನ ಹತ್ತಿರ ಹೋದರು. "ಸರ್, ಮೇಡಂಗೆ ಬೇಕಾದ್ರೆ ಆಚೆ ಬದಿ ಸ್ಕೂಟರ್ ಇದೆ. ತೋರಿಸ್ಲಾ?"

"ಗಾಡಿ ಅವ್ಳಿಗೇ," ಎಂದ ಶ್ರೀಧರ. "ನಾನ್ ಬರೀ ಹೆಲ್ಮೆಟ್ ಹಿಡ್ಕಂಬುಕ್ ಬಂದದ್ದ್."

ಹೇಳುವಾಗ ಅವನು ನಗು ತಡೆದುಕೊಂಡಿದ್ದ ಎಂಬ ಅನುಮಾನ ನನಗೆ ಈಗಲೂ ಇದೆ.

ಅನುಮಾನ ನನ್ನ ಹುಟ್ಟುಗುಣ. ಪ್ರತಿ ವಾರ ಪತ್ರಿಕೆಯ ಈ ಮೂಲೆಯನ್ನು ಓದುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀನಿನ ಕಿವಿರು ಎತ್ತಿ ಒಳಗೆ ಕೆಂಪಗಿದೆಯೋ ಇಲ್ಲವೋ ನೋಡದೆ ಬಂಗುಡೆ ಕೊಂಡವಳಲ್ಲ ನಾನು. ಪೆಟ್ರೋಲ್ ಬಂಕಿನಲ್ಲಿ ಮೀಟರ್ ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಾಣದೆ ಟ್ಯಾಂಕಿನ ಮುಚ್ಚಳ ತೆಗೆಯುವುದಿಲ್ಲ. ಯಾರಾದರೂ ಸುಮ್ಮನೆ ನನ್ನನ್ನು ಹೊಗಳಿದರೆ ಮಾರನೇ ದಿನ ಏನೋ ಸಹಾಯ ಕೇಳುತ್ತಾರೆ ಎಂದು ಕಾಯುತ್ತೇನೆ. (ಹತ್ತರಲ್ಲಿ ಎಂಟು ಸಲ ಕೇಳಿದ್ದಾರೆ.)

ಮನೆಯಲ್ಲಿ ಈಗಾಗಲೇ ಒಂದು ಬೈಕ್ ಇದೆ. 100 ಸಿಸಿ. ಅಣ್ಣನ ಗಾಡಿಯಲ್ಲಿ ಕಲಿತ ಮೇಲೆ ನಾನೇ ದುಡಿದು ತೆಗೆದುಕೊಂಡದ್ದು. ಅದರಲ್ಲೇ ದಿನಾ ಕುಂದಾಪುರದಿಂದ ಬ್ರಹ್ಮಾವರಕ್ಕೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡಿ ಬರುತ್ತೇನೆ. ಪಾಪದ, ಸಾಧು ಗಾಡಿ. ಆದರೆ ಹೈವೇಯಲ್ಲಿ ಪಕ್ಕದಿಂದ ಒಂದು ಕಂಟೇನರ್ ಲಾರಿ ಹೋದರೆ ಗಾಡಿಯೂ ನಾನೂ ಸೇರಿ ಒಂದು ಮಾರು ಆಚೆ ಸರಿಯುತ್ತೇವೆ. ಫ್ಲೈಓವರ್ ಹತ್ತುವಾಗ ಹಿಂದಿನ ಎಕ್ಸ್‌ಪ್ರೆಸ್ ಬಸ್ಸಿನವನು ಹಾರ್ನ್ ಹೊಡೆಯುವ ರೀತಿ ನೋಡಿದರೆ, ನಾನೇ ಇಳಿದು ಗಾಡಿ ತಳ್ಳಬೇಕೆಂದು ಅವನ ಅಭಿಪ್ರಾಯ ಇದ್ದಂತಿದೆ.

ಹಾಗಾಗಿ ಎರಡನೆಯ ಬೈಕು. ಸ್ವಲ್ಪ ತಾಕತ್ತಿನದ್ದು.

"ಸಿಟಿಯೊಳ್ಗ್ ಬಿಡುಕೆ ಅಷ್ಟ್ ದೊಡ್ಡ್ ಗಾಡಿ ಎಂತಕ್ ಮಾರಾಯ್ತಿ?" ಎಂದ ಶ್ರೀಧರ. ಪ್ರಶ್ನೆ ಸರಿಯಾದದ್ದೇ. ನಮ್ಮ ಕುಂದಾಪುರದಲ್ಲಿ ಮೂರನೇ ಗೇರಿಗೆ ಬರುವಷ್ಟರಲ್ಲಿ ಪೇಟೆ ಮುಗಿದಿರುತ್ತದೆ. ಆದರೆ ಪೇಟೆಯಲ್ಲೇ ಬೇಕಾಗುವುದು ಅಲ್ಲವೇ ಎಳೆಯುವ ಶಕ್ತಿ? ಸಂತೆಯ ದಿನ ಎರಡನೇ ಗೇರಿನಲ್ಲಿ ತೆವಳುತ್ತ, ನಿಲ್ಲುತ್ತ, ಎಂಜಿನ್ ಗಕ್ಕನೆ ಆಫ್ ಆಗದಂತೆ ಹೋಗಬೇಕೆಂದರೆ ಕಡಿಮೆ ಸ್ಪೀಡಿನಲ್ಲಿ ಉಸಿರು ಇರುವ ಗಾಡಿ ಬೇಕು. ಸೀಟು ತಗ್ಗಿರಬೇಕು. ಸಿಗ್ನಲ್ಲಿನಲ್ಲಿ ಎರಡೂ ಕಾಲು ನೆಲಕ್ಕೆ ತಾಗಬೇಕು. ಕಾಲಿಗೆ ಎಂಜಿನ್ ಬಿಸಿ ಹೊಡೆಯಬಾರದು. ಇಷ್ಟೆಲ್ಲ ಓದಿಕೊಂಡಿದ್ದೆ.

ನಿಜ ಹೇಳಲೇ? ಇದೆಲ್ಲ ಗಂಡನಿಗೆ ಕೊಟ್ಟ ಕಾರಣ. ನನಗೆ ಆಸೆ. ಅಷ್ಟೇ.

ಹೊಸ ಗಾಡಿಯ ಬೆಲೆ ನೋಡಿ, ಅದರ ಮೇಲೆ ಅವರು ಬಲವಂತವಾಗಿ ಹಾಕಿಸುವ ಗಾರ್ಡು, ಕವರು, ಕೋಟಿಂಗು ನೋಡಿ ಶೋರೂಮಿನಿಂದ ಹೊರಗೆ ಬಂದೆ. ಸೆಕೆಂಡ್ ಹ್ಯಾಂಡ್ ಸಾಕು. ಆಮೇಲೆ ಯೂಟ್ಯೂಬ್. ಬೈಕ್ ವಿಮರ್ಶೆ ಮಾಡುವ ಈ ತರುಣರು ಎಲ್ಲ ಗಾಡಿಗೂ ಒಂದೇ ರೀತಿ ನಗುತ್ತಾರೆ, ಗಮನಿಸಿದ್ದೀರಾ? ಹಾಗೆ ನಗುವವರ ಮಾತಿನ ಮೇಲೆ ಅನುಮಾನ ಬರಬೇಕು. ನನಗೂ ಬಂತು. ಆದರೂ ಒಂದೂ ಬಿಡದೆ ನೋಡಿದೆ.

ನಮ್ಮ ಕಡೆ ಹಳೆ ಗಾಡಿ ಕೊಳ್ಳುವವರಿಗೆ ಒಂದು ಕ್ರಮ ಇದೆ. ಕಿಲೋಮೀಟರ್ ಎಷ್ಟು ಓಡಿದೆ ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಗಾಡಿ ಕಡಲ ಬದಿಯದ್ದೋ ಗದ್ದೆ ಬದಿಯದ್ದೋ? ಹೈವೇಯ ಪಡುವಣಕ್ಕೆ ನಿಂತ ಗಾಡಿ ಎಂದರೆ ಅರ್ಧ ಜನ ಅಲ್ಲಿಗೇ ಫೋನ್ ಇಡುತ್ತಾರೆ. ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಇಲ್ಲಿ ಕಿಟಕಿಯ ಸರಳು ಇರುವ ಯಾರಿಗಾದರೂ ಗೊತ್ತು.

ಅಂಥದ್ದರಲ್ಲಿ ನನಗೆ ಸಿಕ್ಕಿದ್ದು ಮರವಂತೆಯ ಗಾಡಿ.

ಹೇಳಿದ್ದು ಜಲಜಕ್ಕ. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನನಗೆ ಖಾಯಂ ಮೀನು ಕೊಡುವವರು. ಮರವಂತೆಯಿಂದ ಬೆಳಿಗ್ಗೆ ಬಸ್ಸಿಗೆ ಬುಟ್ಟಿ ಹಾಕಿಕೊಂಡು ಬರುತ್ತಾರೆ. ಮಗ ರಾಘು ಬೋಟಿನಲ್ಲಿ ದುಡಿಯುತ್ತಾನೆ. ನಾನು ಎಷ್ಟೋ ವರ್ಷದಿಂದ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೀನಿನ ಕಿವಿರು ಎತ್ತಿ ನೋಡುತ್ತೇನೆ. ಅವರು ಒಂದು ದಿನವೂ ಮುಖ ಗಂಟು ಹಾಕಿದವರಲ್ಲ.

"ಟೀಚರ್ರೆ, ನೀವ್ ದೊಡ್ಡ್ ಬೈಕ್ ಹುಡುಕ್ತ್ರಿ ಅಂಬ್ರಲೆ. ನಮ್ಮನಿಯಗೊಂದ್ ಇತ್ತ್. ರಾಘುಂದ್. ಕಾಂತ್ರ್ಯಾ?"

"ಎಂತಕ್ ಮಾರುದ್ ಜಲಜಕ್ಕ?"

"ಇಡುಕ್ ಜಾಗ ಇಲ್ಲೆ," ಎಂದರು. ಬುಟ್ಟಿಯ ಮೇಲಿನ ಐಸ್ ಸರಿಸುತ್ತ ನನ್ನ ಮುಖ ನೋಡದೆ ಹೇಳಿದರು.

ಅಲ್ಲಿಗೆ ನನ್ನೊಳಗಿನ ಪೊಲೀಸ್ ಎದ್ದು ಕೂತ. ಹಳೆ ಗಾಡಿ ಮಾರುವವರು ಹೇಳುವ ಕಾರಣಗಳು ಮೂರೋ ನಾಲ್ಕೋ ಇವೆ. ಗಲ್ಫಿಗೆ ಹೋಗುತ್ತಿದ್ದೇನೆ. ಹೆಂಡತಿಗೆ ಇಷ್ಟವಿಲ್ಲ. ಕಾರು ತೆಗೆದುಕೊಂಡೆ. ಇಡಲು ಜಾಗವಿಲ್ಲ. ಕೊನೆಯದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಒಂದು ಬೈಕ್ ನಿಲ್ಲಿಸಲು ಎಷ್ಟು ಜಾಗ ಬೇಕು?

ಆದರೂ ಮೇ ತಿಂಗಳ ಒಂದು ಭಾನುವಾರ ಹೋದೆ. ರಾಘು ಗಾಡಿಯನ್ನು ಹೈವೇ ಬದಿಯ ಚಾ ಅಂಗಡಿಯ ಹತ್ತಿರ ತಂದು ನಿಲ್ಲಿಸಿದ್ದ. ಮೂವತ್ತರ ಆಸುಪಾಸಿನವನು, ಕಡಿಮೆ ಮಾತು.

ಚಕ್ರದ ಕಡ್ಡಿಗಳ ಸಂದಿಗೆ ಬೆರಳು ಹಾಕಿದೆ. ಮಡ್‌ಗಾರ್ಡಿನ ಅಡಿಗೆ ಕೈ ಹಾಕಿ ತಡಕಿದೆ. ಸೈಲೆನ್ಸರಿನ ಬುಡಕ್ಕೆ ಮೊಬೈಲ್ ಟಾರ್ಚ್ ಬಿಟ್ಟು ಮೊಣಕಾಲೂರಿ ನೋಡಿದೆ. (ಚಾ ಕುಡಿಯುತ್ತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೋಡಲಿ.) ಒಂದು ಚುಕ್ಕೆ ತುಕ್ಕಿಲ್ಲ. ಬೋಲ್ಟುಗಳು ಹೊಳೆಯುತ್ತಿದ್ದವು.

ನಿಮಗಾದರೆ ಖುಷಿಯಾಗುತ್ತಿತ್ತೇನೋ. ನನಗೆ ಅನುಮಾನ ಬಲಿಯಿತು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ರಸ್ತೆ. ಇಂಥ ಜಾಗದ ಬೈಕಿಗೆ ತುಕ್ಕಿಲ್ಲ ಎಂದರೆ ಏನರ್ಥ? ಒಂದೋ ಪೇಂಟ್ ಹೊಡೆಸಿದ್ದಾರೆ, ಇಲ್ಲವೋ ಬೇರೆ ಯಾರದ್ದೋ ಗಾಡಿ.

"ಎಲ್ಲಿ ನಿಲ್ಸುದ್ ಇದನ್ನ?"

"ಮನಿ ಒಳ್ಗ್, ಟೀಚರ್. ಚಾವಡಿಯಗೆ. ಅಬ್ಬಿ ದಿನಾ ನಳ್ಳಿ ನೀರಗೆ ಬಟ್ಟಿ ಹಿಂಡಿ ಒರ್ಸತ್ರ್."

ಚಾವಡಿಯಲ್ಲಿ ಬೈಕೇ? ತಾಯಿ ಒರೆಸುವುದೇ? "ಹಂಗಾರ್ ಮನಿಗೇ ಹೋಪ. ಅಲ್ಲೇ ಕಾಂಬ," ಎಂದೆ.

ಅವನು ಗಾಡಿಯ ಕೀ ನನ್ನ ಕಡೆ ಚಾಚಿದ. "ಬ್ಯಾಡ ಟೀಚರ್. ಇಲ್ಲೇ ಕಾಣಿ. ಓಡ್ಸಿ ಕಾಣಿ ಬೇಕಾರೆ."

ಮನೆ ತೋರಿಸುವುದಿಲ್ಲ. ಬರೆದಿಟ್ಟುಕೊಳ್ಳಿ.

ಓಡಿಸಿದೆ. ತ್ರಾಸಿಯವರೆಗೆ ಹೋಗಿ ಬಂದೆ. ಏನೆಂದು ಹೇಳಲಿ? ಕ್ಲಚ್ ಬಿಟ್ಟದ್ದೇ ತಡ, ಗಾಡಿ ಅವಸರವಿಲ್ಲದೆ, ಆದರೆ ಹಿಂದೆ ನೋಡದೆ ಹೊರಟಿತು. ಪಕ್ಕದಲ್ಲಿ ಟ್ಯಾಂಕರ್ ಲಾರಿ ಹೋಯಿತು. ನಾನು ಅಲುಗಲಿಲ್ಲ. ಹೆಲ್ಮೆಟ್ಟಿನ ಒಳಗೆ ಒಬ್ಬಳೇ ನಗುತ್ತಿದ್ದೆ. ಸೀಟು ತಗ್ಗು, ಎರಡೂ ಕಾಲು ನೆಲಕ್ಕೆ. ಈ ಗಾಡಿ ನನ್ನದಾಗಲೇಬೇಕು ಎನಿಸಿತು. ಇಷ್ಟು ಚೆನ್ನಾಗಿರುವುದನ್ನು ಯಾರಾದರೂ ಯಾಕೆ ಮಾರುತ್ತಾರೆ ಎಂದೂ ಎನಿಸಿತು. ಎರಡನೆಯದೇ ಗೆದ್ದಿತು.

"ಗಾಡಿ ನಾನೇ ತಕಂತೆ," ಎಂದೆ ರಾಘುವಿಗೆ. "ಒಂಚೂರ್ ವಿಚಾರ್ಸಿ ಹೇಳ್ತೆ. ಅಲ್ಲಿವರಿಗ್ ಬೇರೆಯವ್ರಿಗ್ ಕೊಡುಕಾಗ. ಮತ್ತ್ ಹೊರ್ಗ್ ಮಾತ್ರ ನಿಲ್ಸ್‌ಬ್ಯಾಡಿ. ತುಕ್ಕ್ ಹಿಡ್ದ್ರೆ ನಂಗ್ ಬ್ಯಾಡ."

ಅವನು ತಲೆಯಾಡಿಸಿದ.

ವಿಚಾರಿಸಲು ಶುರು ಮಾಡಿದೆ. ಗಾಡಿಯ ನಂಬರ್ ಹಾಕಿ ಆ್ಯಪಿನಲ್ಲಿ ನೋಡಿದೆ. ಮಾಲೀಕ ರಾಘುವೇ, ಸಾಲ ಇಲ್ಲ, ಕೇಸಿಲ್ಲ. ಆ್ಯಪು ಅಪ್‌ಡೇಟ್ ಆಗಿರಬೇಕಲ್ಲ ಎಂದುಕೊಂಡೆ. ಬ್ರಹ್ಮಾವರದ ಮೆಕ್ಯಾನಿಕ್ ಹತ್ತಿರ ಕೇಳಿದೆ. ಅವರು "ಕಡಲ್ ಬದಿ ಗಾಡಿಯಾ?" ಎಂದು ಮೂಗು ಮುರಿದರು. ಸರಿ ಹೋಯಿತು. ಫೇಸ್‌ಬುಕ್ಕಿನ ಬೈಕ್ ಗುಂಪೊಂದರಲ್ಲಿ ವಿಷಯ ಹಾಕಿದೆ. ಮುಖವೇ ಇಲ್ಲದ, ಹುಲಿಯ ಚಿತ್ರ ಇಟ್ಟುಕೊಂಡ ಒಬ್ಬ "ಅಪಾಯ, ದೂರ ಇರಿ" ಎಂದು ಬರೆದ. ಅವನನ್ನು ನಾನು ನಂಬಿದೆ. ಯಾಕೆ ನಂಬಿದೆ ಎಂದು ನನ್ನನ್ನು ಕೇಳಬೇಡಿ.

ಮಾರ್ಕೆಟ್ಟಿಗೆ ಹೋದಾಗೆಲ್ಲ ಜಲಜಕ್ಕ ಕೇಳುತ್ತಿದ್ದರು. "ಟೀಚರ್ರೆ, ಗಾಡಿ ಎಂತ ಮಾಡ್ದ್ರಿ?"

"ಕಾಂಬ ಜಲಜಕ್ಕ. ಅವ್ಸರ ಎಂತ?"

"ಹಂಗಲ್ಲ. ಮಳಿ ಹಿಡುದ್ರೊಳ್ಗ್ ಆರೆ ಒಳ್ಳೇದಿತ್ತ್."

ಮಳೆಗೂ ಬೈಕಿಗೂ ಏನು ಸಂಬಂಧ? ಮಳೆಗಾಲದಲ್ಲಿ ಹಳೆ ಗಾಡಿಯ ರೋಗವೆಲ್ಲ ಹೊರಬೀಳುತ್ತದೆ, ಅದಕ್ಕೇ ಅವಸರ, ಎಂದು ಲೆಕ್ಕ ಹಾಕಿದೆ. ಅವಸರ ಮಾಡುವ ಮಾರಾಟಗಾರರ ಹತ್ತಿರ ನಿಧಾನ ಮಾಡಬೇಕು ಎಂಬುದು ನನ್ನ ನಿಯಮ. ಇನ್ನಷ್ಟು ನಿಧಾನ ಮಾಡಿದೆ. ಅವರು ಮತ್ತೆ ಒತ್ತಾಯಿಸಲಿಲ್ಲ. ಬಂಗುಡೆ ಮಾತ್ರ ಎಂದಿನಂತೆ ಒಂದು ಹೆಚ್ಚು ಹಾಕಿದರು. ಅದನ್ನೂ ನಾನು ಗಾಡಿಯ ಖಾತೆಗೇ ಬರೆದುಕೊಂಡೆ.

ನಡುವೆ ಗದ್ದೆ ಬದಿಯದ್ದೇ ಒಂದನ್ನು ನೋಡೋಣ ಎಂದು ಕೊಕ್ಕರ್ಣೆಗೂ ಹೋಗಿ ಬಂದೆ. ಸುತ್ತ ಹಸಿರು, ಕಡಲಿನ ಸುದ್ದಿಯೇ ಇಲ್ಲ. ಗಾಡಿ ದೂರದಿಂದ ಮದುಮಗನ ಹಾಗೆ ಕಾಣುತ್ತಿತ್ತು. ನಾನು ಸೀಟು ಎತ್ತುವುದರೊಳಗೆ ಎಲ್ಲಿಂದಲೋ ಎರಡು ಬೆಕ್ಕು ಬಂದು ಹಿಂದಿನ ಚಕ್ರಕ್ಕೆ ಮೈ ಉಜ್ಜತೊಡಗಿದವು. ಸೀಟಿನ ಅಡಿಯಲ್ಲಿ ಫ್ರೇಮ್ ಹಪ್ಪಳದಂತೆ ಎದ್ದಿತ್ತು, ಸಂದಿಯಲ್ಲಿ ಒಣಗಿದ ಮೀನಿನ ಪೊರೆ.

"ತಮ್ಮ ಒಂದಷ್ಟ್ ದಿನ ಮೀನ್ ಪೆಟ್ಗಿ ಕಟ್ಕಂಡ್ ಹೋಯ್ತಿದ್ದ," ಎಂದರು ಗಾಡಿಯವರು, ದೊಡ್ಡ ವಿಷಯವಲ್ಲ ಎಂಬಂತೆ. "ಐಸ್ ನೀರ್ ಒಂಚೂರ್ ಬಿದ್ದಿರ್ಕ್."

ಉಪ್ಪು ಕಡಲಿನಿಂದಲೇ ಬರಬೇಕೆಂದಿಲ್ಲ, ಪೆಟ್ಟಿಗೆಯಿಂದಲೂ ಸೋರುತ್ತದೆ. ಇಷ್ಟು ಕಂಡ ಮೇಲೆ ಬುದ್ಧಿ ಇರುವವಳು ಏನು ಮಾಡಬೇಕಿತ್ತು? ಸೀದಾ ಮರವಂತೆಗೆ ಹೋಗಬೇಕಿತ್ತು. ನಾನು ಮಾಡಿದ್ದೇ ಬೇರೆ. ಗದ್ದೆ ಬದಿಯವರೇ ಹೀಗೆ ಮುಚ್ಚಿಡುವುದಾದರೆ ಕಡಲ ಬದಿಯವರು ಇನ್ನೆಷ್ಟು ಮುಚ್ಚಿಡಬಹುದು ಎಂದು ಯೋಚಿಸುತ್ತ ಮನೆಗೆ ಬಂದೆ.

"ನೀನ್ ಗಾಡಿ ತಕಂತಿಲ್ಲೆ," ಎಂದ ಶ್ರೀಧರ. "ನಿಂಗ್ ಬೇಕಾದ್ದ್ ಗಾಡಿ ಅಲ್ಲ. ಯಾರೋ ಮೋಸ ಮಾಡ್ದ್ರ್ ಅಂತ ಗೊತ್ತಾಯ್ಕ್, ಅಷ್ಟೇ."

ಆ ಮಾತಿಗೆ ಸಿಟ್ಟು ಬಂತು. ಈಗ ಯೋಚಿಸಿದರೆ, ಸಿಟ್ಟು ಬರಲು ಕಾರಣವಿತ್ತು: ಮಾತು ನಿಜವಿತ್ತು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದರೆ ಜಲಜಕ್ಕ ಕೂರುವ ಜಾಗ ಖಾಲಿ. ಮರುದಿನವೂ ಖಾಲಿ. ಮೂರನೇ ದಿನವೂ ಇಲ್ಲ. ನನಗೆ ತಕ್ಷಣ ಹೊಳೆದದ್ದೇನು ಗೊತ್ತೇ? ಅವರಿಗೆ ಹುಷಾರಿಲ್ಲವೇನೋ ಎಂದಲ್ಲ. ಗಾಡಿಯನ್ನು ಇನ್ಯಾರಿಗೋ ಮಾರಿದ್ದಾರೆ, ನನಗೆ ಮುಖ ತೋರಿಸಲು ಆಗದೆ ಬರುತ್ತಿಲ್ಲ, ಎಂದು. ಬೇರೆಯವರಿಗೆ ಕೊಡಬೇಡಿ ಎಂದು ಹೇಳಿದ್ದೆನಲ್ಲ? ಮಾತಿಗೆ ಬೆಲೆ ಬೇಡವೇ?

ಬೈಂದೂರಿನಲ್ಲಿ ಒಂದು ಮದುವೆಗೆ ಹೋಗುವುದಿತ್ತು. ಹೋಗುವ ದಾರಿಯಲ್ಲೇ ಮರವಂತೆ. ಶ್ರೀಧರನಿಗೆ ಕಾರು ನಿಲ್ಲಿಸಲು ಹೇಳಿದೆ. ಕೇಳಿಯೇ ಹೋಗುವುದು ಎಂದು. ಚಾ ಅಂಗಡಿಯವರು ಮನೆಯ ದಾರಿ ತೋರಿಸಿದರು. "ಆ ನೀಲಿ ಟರ್ಪಾಲ್ ಕಟ್ಟಿದ್ ಮನಿ," ಎಂದರು.

ಮುಂದಿನಿಂದ ನೋಡಿದರೆ ಸಾಧಾರಣ ಹಂಚಿನ ಮನೆ. ಜಗಲಿಯಲ್ಲಿ ಟರ್ಪಾಲಿನ ಅಡಿ ಗ್ಯಾಸ್ ಒಲೆ. ಅದರ ಪಕ್ಕ ಪಾತ್ರೆಗಳ ರಾಶಿ, ಅಕ್ಕಿ ಡಬ್ಬ. ಗಾಳಿಗೆ ಒಲೆಯ ಬೆಂಕಿ ನಿಲ್ಲದೆ ರಾಘು ಒಂದು ತಗಡನ್ನು ಅಡ್ಡ ಹಿಡಿದು ಕೂತಿದ್ದ. ಅನ್ನ ಬೇಯುತ್ತಿತ್ತು.

ನನ್ನನ್ನು ಕಂಡು ಎದ್ದು ನಿಂತ. "ಬನಿ ಟೀಚರ್," ಎಂದ.

ಒಳಗೆ ಚಾವಡಿಯಲ್ಲಿ ಬೈಕು ನಿಂತಿತ್ತು. ಮೈಮೇಲೆ ಹಳೆಯ ಸೀರೆ ಹೊದಿಸಿದ್ದರು. ಅದರ ಪಕ್ಕ ಚಾಪೆಯ ಮೇಲೆ ಜಲಜಕ್ಕ. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಅವರ ಹಿಂದೆ ಅಡುಗೆಮನೆಯ ಬಾಗಿಲು. ಬಾಗಿಲಿನ ಆಚೆ ಅಡುಗೆಮನೆ ಇರಲಿಲ್ಲ. ಅರ್ಧ ನೆಲ ಇತ್ತು, ಆಮೇಲೆ ಕಡಲು.

ನನ್ನ ಬಾಯಿಗೆ ಬಂದದ್ದು ಒಂದು ಮೂರ್ಖ ಪ್ರಶ್ನೆ. "ಎಂತ ಆಯ್ತ್ ಜಲಜಕ್ಕ?"

"ಅನ್ನ ಬಗ್ಸುಕ್ ಹೋಯಿದ್ದೆ. ಹಿಂದಿನ್ ಗ್ವಾಡಿ ಬಿತ್ತ್. ಕೈ ಮೇಲೆ ಒಂದ್ ಕಲ್ಲ್ ಬಿತ್ತ್, ಅಷ್ಟೇ. ದೇವ್ರ್ ದೊಡ್ಡವ. ಕೂಕಣಿ ಟೀಚರ್ರೆ."

ಕೂತೆ. ಒಂದೊಂದೇ ತಿಳಿಯಿತು. ಹೋದ ಮಳೆಗಾಲದಲ್ಲಿ ಹಿತ್ತಿಲು, ತೆಂಗಿನಮರ ಕಡಲ ಪಾಲಾಗಿದ್ದವು. ಈ ಮಳೆಗೆ ಮನೆಯ ಸರದಿ ಎಂದು ಗೊತ್ತಿತ್ತು. ರಸ್ತೆಯ ಆಚೆ, ಹೊಳೆಯ ಬದಿಯಲ್ಲಿ ಒಂದು ಬಾಡಿಗೆ ಮನೆ ನೋಡಿಟ್ಟಿದ್ದರು. ಎರಡೇ ಕೋಣೆ, ಬೈಕ್ ಇಡಲು ಜಾಗವಿಲ್ಲ. ಗಾಡಿ ಮಾರಿದ ದುಡ್ಡಿನಲ್ಲೇ ಅದರ ಅಡ್ವಾನ್ಸ್ ಕೊಟ್ಟು, ಮಳೆ ಹಿಡಿಯುವುದರೊಳಗೆ ಹೋಗುವುದೆಂದು ತಾಯಿ ಮಗ ಮಾತಾಡಿಕೊಂಡಿದ್ದರು.

"ಮತ್ತೆ ಬೇರೆಯವ್ರಿಗ್ ಕೊಡ್ಲಿಲ್ಲೆ ಎಂತಕೆ?"

ಉತ್ತರ ಕೊಟ್ಟದ್ದು ರಾಘು. "ಬೈಂದೂರಿನವ್ರೊಬ್ರ್ ಬಂದಿದ್ರ್. ಅಬ್ಬಿ ಬಿಡ್ಲಿಲ್ಲೆ. ಟೀಚರ್ ತಕಂತೆ ಅಂದಿದ್ರ್, ಮಾತ್ ಕೊಟ್ಟಾಯ್ತ್ ಅಂದ್ರ್."

"ನನ್ ಹತ್ರ ಒಂದ್ ಮಾತ್ ಹೇಳುಕಾಗ್ದಿತಾ? ಮನಿ ಹೀಂಗಾಯ್ತ್ ಅಂದೇಳಿ?"

ಜಲಜಕ್ಕ ನಕ್ಕರು. "ಹೇಳಿದ್ರೆ ನೀವ್ ಪಾಪ ಅಂದೇಳಿ ತಕಂಬ್ರಿ. ಅದ್ ಬ್ಯಾಡ. ಗಾಡಿ ಒಳ್ಳೇದಿದ್ರೆ ತಕಣಿ."

ರಾಘು ಅಂದು ಮನೆ ತೋರಿಸದ ಕಾರಣವೂ ತಿಳಿಯಿತು. ಬೀಚ್ ನೋಡಲು ಬರುವವರು ಕುಸಿದ ಹಿತ್ತಿಲ ಮುಂದೆ ನಿಂತು ವಿಡಿಯೋ ತೆಗೆಯುತ್ತಾರಂತೆ. ಒಬ್ಬಾಕೆ ಜಲಜಕ್ಕನ ಹತ್ತಿರ, ಸ್ವಲ್ಪ ಅತ್ತ ಹಾಗೆ ಮಾಡಿ ಎಂದಿದ್ದಳಂತೆ. ಆಮೇಲೆ ಅವನು ಯಾರನ್ನೂ ಒಳಗೆ ಬಿಟ್ಟಿಲ್ಲ.

ಇಷ್ಟನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಜಗಲಿಯ ಗಾಳಿಯಲ್ಲಿ ಒಲೆ, ಚಾವಡಿಯ ಬೆಚ್ಚಗೆ ಬೈಕು. ಅದೊಂದು ನನಗೆ ಅರ್ಥವಾಗಲಿಲ್ಲ. "ಬೈಕ್ ಹೊರ್ಗ್ ಹಾಕಿ ಒಲಿ ಒಳ್ಗ್ ಇಡುಕಾಗ್ದಾ ರಾಘು?"

ಅವನು ತಾಯಿಯ ಮುಖ ನೋಡಿದ. ಜಲಜಕ್ಕ ಎಡಗೈಯಿಂದ ಬೈಕಿನ ಮೇಲಿನ ಸೀರೆ ಸರಿಸಿದರು. ಸೈಲೆನ್ಸರ್ ಫಳಫಳ ಹೊಳೆಯಿತು.

"ನೀವೇ ಅಂದಿದ್ರ್ಯಲೆ ಟೀಚರ್ರೆ, ಹೊರ್ಗ್ ನಿಲ್ಸ್‌ಬ್ಯಾಡಿ ಅಂದೇಳಿ," ಎಂದರು. "ಕಾಣಿ, ಒಂಚೂರೂ ತುಕ್ಕ್ ಹಿಡುಕ್ ಬಿಡ್ಲಿಲ್ಲೆ."

ನಾನು ಅತ್ತೆ. ಮದುವೆಗೆಂದು ಉಟ್ಟ ರೇಷ್ಮೆ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಾಚಿಕೆಯಾಗಿ ಅತ್ತೆ, ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಸಮಾಧಾನ ಮಾಡಿದ್ದು ಕೈ ಮುರಿದುಕೊಂಡವರು.

ಮದುವೆಗೆ ಹೋಗಲಿಲ್ಲ. ಗಾಡಿಯ ದುಡ್ಡು ಅಲ್ಲೇ ಕೊಟ್ಟೆ. ಅಂದೇ ಸಂಜೆಯೊಳಗೆ ಹೊಳೆಬದಿಯ ಮನೆಯ ಬೀಗದ ಕೈ ರಾಘುವಿನ ಕೈಗೆ ಬಂತು. ಪಾತ್ರೆ, ಚಾಪೆ, ಅಕ್ಕಿ ಡಬ್ಬ ಎಲ್ಲ ನಮ್ಮ ಕಾರಿನಲ್ಲೇ ರಸ್ತೆ ದಾಟಿದವು. ಬೈಕನ್ನು ನಾನೇ ಓಡಿಸಿಕೊಂಡು ಕುಂದಾಪುರಕ್ಕೆ ಬಂದೆ. ಅದ್ಭುತವಾದ ಗಾಡಿ. ಪೇಟೆಯಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ. ಈವರೆಗೆ ಒಂದು ದೋಷವೂ ಸಿಕ್ಕಿಲ್ಲ. ಹುಡುಕಿಲ್ಲ ಎಂದು ಮಾತ್ರ ತಿಳಿಯಬೇಡಿ, ಹುಟ್ಟುಗುಣ ಒಂದೇ ದಿನಕ್ಕೆ ಹೋಗುವುದಿಲ್ಲ.

ಮೊನ್ನೆ ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರು ಗಾಡಿಯ ಸುತ್ತ ಎರಡು ಸುತ್ತು ಬಂದು, "ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಹೀಗೆ ನಿಧಾನವಾಗಿ, ನಾಲ್ಕು ಕಡೆ ವಿಚಾರಿಸಿಯೇ ತಗೋಬೇಕು ಅಲ್ವಾ ಮೇಡಂ?" ಎಂದು ಮೆಚ್ಚಿಕೊಂಡರು. ವಿಚಾರಿಸುವುದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಹುಲಿಯ ಚಿತ್ರದವನನ್ನು ಕೇಳಿದೆ, ಆ್ಯಪನ್ನು ಕೇಳಿದೆ, ಮೆಕ್ಯಾನಿಕ್ಕನ್ನು ಕೇಳಿದೆ. ಇಷ್ಟು ವರ್ಷ ಯಾರ ಕೈಯ ಮೀನು ತಿಂದೆನೋ ಅವರ ಹತ್ತಿರ, ನಿಮ್ಮ ಮನೆ ಹೇಗಿದೆ ಜಲಜಕ್ಕ ಎಂದು ಒಂದು ಮಾತು ಕೇಳಲಿಲ್ಲ.

ನಿಧಾನವಾಗಿ ಅನುಮಾನ ಪಡಬೇಕೆಂದರೆ ಮೊದಲು ನಮ್ಮ ಮನೆಯ ಹಿಂದಿನ ಗೋಡೆ ಗಟ್ಟಿ ಇರಬೇಕು. ನನ್ನದು ಗಟ್ಟಿ ಇತ್ತು.